ಬಾರ್ಲಿ ಕಲಿಸುವ ಮಾರುಕಟ್ಟೆ ಪಾಠ: ಮೊಬೈಲ್‌ನಲ್ಲಿ ಕಾಣುವ ರೇಟು, ಕೈಗೆ ಸಿಗುವ ದುಡ್ಡು



ಸುಗ್ಗಿ ಶುರುವಾದರೆ ಸಾಕು, ನನ್ನ ಮೊಬೈಲ್‌ಗೆ ಬರುವ ಮೆಸೇಜು ಹೆಚ್ಚುಕಡಿಮೆ ಒಂದೇ ತರಹ ಇರುತ್ತೆ. "ಸರ್, ಇವತ್ತು ರೇಟು ಇಷ್ಟಿದೆ. ಮಾರಲಾ, ಇಡಲಾ?" ಇದಕ್ಕೆ ನಾನು ಇಲ್ಲಿಂದಲೇ ಹೌದು, ಇಲ್ಲ ಅಂತ ಹೇಳೋಕಾಗಲ್ಲ. ನಿಮ್ಮ ಮಾಲು ಹೇಗಿದೆ, ಸಾಲ ಎಷ್ಟಿದೆ, ಇಡೋಕೆ ಜಾಗ ಇದೆಯಾ ಅನ್ನೋದು ನಿಮಗೆ ಮಾತ್ರ ಗೊತ್ತು. ಆದರೆ ಲೆಕ್ಕ ಹಾಕುವ ದಾರಿಯನ್ನು ಕಲಿತುಕೊಂಡರೆ ಉತ್ತರ ನಿಮಗೇ ಸಿಗುತ್ತೆ. ಆ ದಾರಿಯನ್ನು ಈ ವಾರ ಬಾರ್ಲಿ ಬೆಳೆ ಹಿಡಿದು ಕಲಿಯೋಣ.

ನಮ್ಮ ಕರ್ನಾಟಕದಲ್ಲಿ ಬಾರ್ಲಿ ದೊಡ್ಡ ಬೆಳೆ ಅಲ್ಲ. ಜವೆಗೋಧಿ ಅಂತ ಹೆಸರು ಕೇಳಿರ್ತೀರಿ, ಮನೆಯಲ್ಲಿ ಬಾರ್ಲಿ ಗಂಜಿ ಕುಡಿದಿರ್ತೀರಿ. ಮತ್ತೆ ಬಾರ್ಲಿ ಯಾಕೆ ಅಂದರೆ, ಈ ಬೆಳೆಯ ಮಾರುಕಟ್ಟೆಯಲ್ಲಿ ಮೂರು ಸಂಗತಿ ಕಣ್ಣಿಗೆ ಹೊಡೆದ ಹಾಗೆ ಕಾಣ್ತವೆ. ಬೆಂಬಲ ಬೆಲೆ ಇದೆ, ಸರ್ಕಾರಿ ಖರೀದಿ ಕಡಿಮೆ. ಬೆಳೆ ಒಂದೇ, ಗುಣಮಟ್ಟಕ್ಕೆ ತಕ್ಕ ಹಾಗೆ ಬೆಲೆ ಎರಡು. ಬೆಳೆಯುವವರು ಲಕ್ಷಾಂತರ, ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಕೆಲವರೇ. ಇವು ಮೂರೂ ನಮ್ಮ ಮೆಕ್ಕೆಜೋಳಕ್ಕೂ ಬೇರೆ ಬೇರೆ ರೂಪದಲ್ಲಿ ಅನ್ವಯ ಆಗ್ತವೆ. ಅದಕ್ಕೇ ಬಾರ್ಲಿ ಆರಿಸಿಕೊಂಡೆ.

ಬಾರ್ಲಿ ಯಾರ ಬೆಳೆ, ಯಾರಿಗೆ ಹೋಗುತ್ತೆ?

ಬಾರ್ಲಿ ಹಿಂಗಾರು ಬೆಳೆ. ಉತ್ತರ ಭಾರತದಲ್ಲಿ ನವೆಂಬರ್ ಹೊತ್ತಿಗೆ ಬಿತ್ತಿ, ಮಾರ್ಚ್–ಏಪ್ರಿಲ್‌ನಲ್ಲಿ ಕೊಯ್ಲು ಮಾಡ್ತಾರೆ. ದೇಶದಲ್ಲಿ ಅತಿ ಹೆಚ್ಚು ಬೆಳೆಯೋದು ರಾಜಸ್ಥಾನ. ಉತ್ತರ ಪ್ರದೇಶ, ಮಧ್ಯ ಪ್ರದೇಶ, ಹರಿಯಾಣ, ಪಂಜಾಬ್‌ಗಳಲ್ಲೂ ಇದೆ. ಗೋಧಿಗಿಂತ ಕಡಿಮೆ ನೀರು ಸಾಕು, ಸವಳು ಭೂಮಿಯನ್ನೂ ಸ್ವಲ್ಪ ತಡ್ಕೊಳ್ಳುತ್ತೆ. ಹಾಗಾಗಿ ನೀರು ಕಡಿಮೆ ಇರುವ ರೈತನಿಗೆ ಇದು ಆಸರೆ.

ಕಾಳು ಮೂರು ಕಡೆ ಹೋಗುತ್ತೆ. ಒಂದು ಪಾಲು ದನಗಳ ಮೇವಿಗೆ, ಹಿಂಡಿ ಮಿಶ್ರಣಕ್ಕೆ. ಒಂದು ಪಾಲು ಮಾಲ್ಟ್ ಕಾರ್ಖಾನೆಗೆ. ಸಣ್ಣ ಪಾಲು ಸತ್ತು, ಹಿಟ್ಟು, ಗಂಜಿ ಅಂತ ಮನುಷ್ಯರ ಆಹಾರಕ್ಕೆ. ಮಾಲ್ಟ್ ಅಂದರೆ ಹೊಸದೇನಲ್ಲ. ನಮ್ಮ ಮನೆಯಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದು ಹಿಟ್ಟು ಮಾಡ್ತೀವಲ್ಲ, ಅದೇ ಕೆಲಸವನ್ನು ಕಾರ್ಖಾನೆಯಲ್ಲಿ ಬಾರ್ಲಿಗೆ ಮಾಡ್ತಾರೆ. ಅಲ್ಲಿಂದ ಅದು ಬಿಯರ್, ವಿಸ್ಕಿ, ಮಕ್ಕಳು ಕುಡಿಯುವ ಮಾಲ್ಟ್ ಪಾನೀಯಗಳಿಗೆ ಹೋಗುತ್ತೆ. ನಮ್ಮ ರಾಜ್ಯದ ಬಿಯರ್ ಕಾರ್ಖಾನೆಗಳಿಗೂ ಬಾರ್ಲಿ ಮಾಲ್ಟ್ ಬೇಕೇ ಬೇಕು.

ಪಾಠ 1: ಬೆಂಬಲ ಬೆಲೆ ಇದೆ ಅಂದ್ರೆ ಖರೀದಿ ಇದೆ ಅಂತಲ್ಲ

ಕೇಂದ್ರ ಸರ್ಕಾರ ಪ್ರತಿ ವರ್ಷ ಬಾರ್ಲಿಗೂ ಬೆಂಬಲ ಬೆಲೆ ಘೋಷಿಸುತ್ತೆ. ಹಿಂಗಾರು ಮಾರಾಟ ಹಂಗಾಮಿನ ಲೆಕ್ಕದಲ್ಲಿ, ಕ್ವಿಂಟಲ್‌ಗೆ:

2022-23: 1,635 ರೂ.
2023-24: 1,735 ರೂ.
2024-25: 1,850 ರೂ.
2025-26: 1,980 ರೂ.
2026-27: 2,150 ರೂ.

2025-26ರ ಬೆಲೆ ಘೋಷಿಸುವಾಗ ಸರ್ಕಾರ ಲೆಕ್ಕ ಹಿಡಿದ ಉತ್ಪಾದನಾ ವೆಚ್ಚ ಕ್ವಿಂಟಲ್‌ಗೆ 1,239 ರೂಪಾಯಿ. ಅಂದರೆ ವೆಚ್ಚದ ಮೇಲೆ ಸುಮಾರು 60% ಹೆಚ್ಚು. ಈ ವೆಚ್ಚದಲ್ಲಿ ಬೀಜ, ಗೊಬ್ಬರ, ಕೂಲಿ, ಮನೆಯವರ ದುಡಿಮೆ ಎಲ್ಲ ಸೇರಿರುತ್ತೆ. ಸ್ವಂತ ಜಮೀನಿನ ಬಾಡಿಗೆ ಸೇರಿರಲ್ಲ. ಇದನ್ನು ನೆನಪಿಡಿ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಗೋಧಿ, ಭತ್ತಕ್ಕೆ ಇರುವಷ್ಟು ದೊಡ್ಡ ಸರ್ಕಾರಿ ಖರೀದಿ ವ್ಯವಸ್ಥೆ ಬಾರ್ಲಿಗೆ ಇಲ್ಲ. ಕಾರಣ ಸರಳ. ಗೋಧಿ, ಅಕ್ಕಿಯನ್ನು ಸರ್ಕಾರ ಕೊಂಡು ಪಡಿತರ ಅಂಗಡಿಯಲ್ಲಿ ಹಂಚುತ್ತೆ. ಬಾರ್ಲಿಯನ್ನು ಕೊಂಡರೆ ಯಾರಿಗೆ ಹಂಚೋದು? ಕೊಂಡ ಮಾಲಿಗೆ ದಾರಿ ಇಲ್ಲದ ಕಡೆ ಖರೀದಿಯೂ ಗಟ್ಟಿಯಾಗಿರಲ್ಲ.

ಇದರ ಪರಿಣಾಮ ಎರಡು ದಿಕ್ಕಿನಲ್ಲಿ ಕಾಣುತ್ತೆ. ಬೇಡಿಕೆ ಜೋರಾದ ವರ್ಷ ಬೆಲೆ ಬೆಂಬಲ ಬೆಲೆಯನ್ನು ದಾಟಿ ಎಲ್ಲೋ ಹೋಗಿಬಿಡುತ್ತೆ. ಬೇಡಿಕೆ ಇಲ್ಲದ ವರ್ಷ ಅದರ ಕೆಳಗೆ ಇಳಿದರೂ ಕೈ ಹಿಡಿಯೋರು ಇರಲ್ಲ. ಹಾಗಾಗಿ ಯಾವ ಬೆಳೆಗಾದರೂ ಬೆಂಬಲ ಬೆಲೆ ನೋಡಿ ಬಿತ್ತನೆ ತೀರ್ಮಾನ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಕಳೆದ ವರ್ಷ ನಮ್ಮ ತಾಲೂಕಿನಲ್ಲಿ ಖರೀದಿ ಕೇಂದ್ರ ತೆರೆದಿದ್ದರಾ? ಯಾವ ತಿಂಗಳು ತೆರೆದರು, ನಮ್ಮ ಮಾಲು ಬಂದ ಮೇಲೋ ಮುಂಚೆಯೋ? ಒಬ್ಬ ರೈತನಿಂದ ಎಷ್ಟು ಕ್ವಿಂಟಲ್ ತಗೊಂಡರು? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಬೆಂಬಲ ಬೆಲೆಯನ್ನು ಆದಾಯದ ಲೆಕ್ಕಕ್ಕೆ ಹಿಡಿಯಬೇಡಿ.

ಪಾಠ 2: ಒಂದೇ ಬೆಳೆ, ಎರಡು ಬೆಲೆ

ಮಾಲ್ಟ್ ಕಾರ್ಖಾನೆಯವರಿಗೆ ಕಾಳು ಮೊಳಕೆ ಒಡೆಯಬೇಕು. ಅದೂ ಎಲ್ಲ ಕಾಳು ಒಟ್ಟಿಗೆ, ಒಂದೇ ಹದಕ್ಕೆ. ಹಾಗಾಗಿ ಅವರು ನೋಡೋದು ಇಷ್ಟು: ಮೊಳಕೆ ಪ್ರಮಾಣ ಹೆಚ್ಚುಕಡಿಮೆ 95% ಮೇಲೆ ಇರಬೇಕು. ಕಾಳು ದಪ್ಪ ಇರಬೇಕು, 2.5 ಮಿ.ಮೀ. ಜರಡಿಯ ಮೇಲೆ ಹೆಚ್ಚಿನ ಪಾಲು ನಿಲ್ಲಬೇಕು. ಪ್ರೋಟೀನ್ 9ರಿಂದ 11% ಆಸುಪಾಸು ಇರಬೇಕು. ತೇವಾಂಶ 12% ಒಳಗಿದ್ದರೆ ಒಳ್ಳೇದು. ತಳಿ ಕಲಬೆರಕೆ ಆಗಿರಬಾರದು.

ಇಲ್ಲೊಂದು ತಮಾಷೆ ನೋಡಿ. ಮೇವಿಗೆ ಪ್ರೋಟೀನ್ ಜಾಸ್ತಿ ಇದ್ದರೆ ಒಳ್ಳೇದು, ಮಾಲ್ಟ್‌ಗೆ ಜಾಸ್ತಿ ಆದರೆ ತಕರಾರು. ಯೂರಿಯಾ ಮಿತಿ ಮೀರಿ ಹಾಕಿದರೆ, ತಡವಾಗಿ ಹಾಕಿದರೆ ಪ್ರೋಟೀನ್ ಏರುತ್ತೆ. ಅಂದರೆ ಯಾರಿಗೆ ಮಾರ್ತೀವಿ ಅನ್ನೋದು ಗೊಬ್ಬರ ಹಾಕುವ ದಿನವೇ ತೀರ್ಮಾನ ಆಗಿರಬೇಕು. ತಳಿಯೂ ಅಷ್ಟೇ. ತೆನೆಯಲ್ಲಿ ಎರಡು ಸಾಲು ಕಾಳು ಇರುವ ಬಾರ್ಲಿ, ಆರು ಸಾಲು ಇರುವ ಬಾರ್ಲಿ ಅಂತ ಎರಡು ಬಗೆ ಇವೆ. ಎರಡು ಸಾಲಿನದ್ದರಲ್ಲಿ ಕಾಳು ದಪ್ಪ, ಒಂದೇ ಸಮ. ಕರ್ನಾಲ್‌ನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆ ಮಾಲ್ಟ್‌ಗಾಗಿ ಅಂತಲೇ ಡಿಡಬ್ಲ್ಯುಆರ್‌ಯುಬಿ 52ರಂಥ ಎರಡು ಸಾಲಿನ ತಳಿಗಳನ್ನು ಕೊಟ್ಟಿದೆ.

ಸರಿ, ಕಾರ್ಖಾನೆ ರೇಟು ಮಂಡಿಗಿಂತ ಕ್ವಿಂಟಲ್‌ಗೆ 200 ರೂಪಾಯಿ ಜಾಸ್ತಿ ಇದೆ ಅಂದ್ಕೊಳ್ಳಿ. ಲಾಭ ಎಷ್ಟು? ಲೆಕ್ಕ ಹಾಕೋಣ. ಇವು ಪಾಠಕ್ಕೆ ಹಿಡಿದ ಅಂಕಿಗಳು, ಇವತ್ತಿನ ರೇಟಲ್ಲ.

ಒಬ್ಬ ರೈತನ ಹತ್ತಿರ 40 ಕ್ವಿಂಟಲ್ ಇದೆ.

ದಾರಿ ಒಂದು, ಇದ್ದದ್ದು ಇದ್ದ ಹಾಗೆ ಮಂಡಿಗೆ. ರೇಟು 2,050, ಸಾಗಣೆ ಕ್ವಿಂಟಲ್‌ಗೆ 30. ಕೈಗೆ 2,020. ಒಟ್ಟು 80,800 ರೂ.

ದಾರಿ ಎರಡು, ಜರಡಿ ಹಿಡಿದು ದಪ್ಪ ಕಾಳು ಕಾರ್ಖಾನೆಗೆ, ಸಣ್ಣ ಕಾಳು ಮಂಡಿಗೆ. ಜರಡಿ ಖರ್ಚು ಕ್ವಿಂಟಲ್‌ಗೆ 20, ಒಟ್ಟು 800. ದಪ್ಪ ಕಾಳು 32 ಕ್ವಿಂಟಲ್, ಸಣ್ಣ ಕಾಳು 7, ಕಸ-ಹೊಟ್ಟು 1. ಕಾರ್ಖಾನೆ ರೇಟು 2,250, ದೂರ ಜಾಸ್ತಿ ಇರೋದರಿಂದ ಸಾಗಣೆ 90. ಕೈಗೆ 2,160ರ ಹಾಗೆ 69,120. ಸಣ್ಣ ಕಾಳಿಗೆ ಮಂಡಿಯಲ್ಲಿ 1,850, ಸಾಗಣೆ ಕಳೆದು 1,820ರ ಹಾಗೆ 12,740. ಜರಡಿ ಖರ್ಚು ಕಳೆದರೆ ಒಟ್ಟು 81,060 ರೂ.

ಕ್ವಿಂಟಲ್‌ಗೆ 200 ಜಾಸ್ತಿ ಅಂತ ಹೋದವನಿಗೆ 40 ಕ್ವಿಂಟಲ್‌ಗೆ ಸೇರಿ ಸಿಕ್ಕ ಲಾಭ 260 ರೂಪಾಯಿ! ಕಾರ್ಖಾನೆ ಗೇಟಿನಲ್ಲಿ ಮಾಲು ತಿರಸ್ಕಾರ ಆದರೆ ಹೋಗುವ ಸಾಗಣೆಯೇ 2,880, ವಾಪಸ್ ಬರೋದು ಬೇರೆ.

ಅದೇ ರೈತನ ದಪ್ಪ ಕಾಳು 36 ಕ್ವಿಂಟಲ್, ಸಣ್ಣದು 3 ಇದ್ದಿದ್ದರೆ? 77,760 ಮತ್ತು 5,460 ಸೇರಿಸಿ, 800 ಕಳೆದರೆ 82,420. ಲಾಭ 1,620. ಅಂದರೆ ಹೆಚ್ಚಿನ ರೇಟು ಲಾಭ ತರಬೇಕಾದರೆ ಹೊಲದಲ್ಲೇ ಕಾಳು ಸಮನಾಗಿ ಬಂದಿರಬೇಕು. ಕೊಯ್ಲಾದ ಮೇಲೆ ಜರಡಿ ಹಿಡಿದು ಗುಣಮಟ್ಟ ಹುಟ್ಟಿಸೋಕಾಗಲ್ಲ.

ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡು ಬೆಳೆಯುವವರು ಇನ್ನೂ ಒಂದು ವಿಷಯ ಗಮನಿಸಿ. ಒಪ್ಪಂದದಲ್ಲಿ ರೇಟಿನ ಜೊತೆಗೆ ನಾಲ್ಕು ಮಾತು ಬರಹದಲ್ಲಿ ಇರಲೇಬೇಕು: ಮಾದರಿ ಯಾರು, ಎಲ್ಲಿ ತೆಗೀತಾರೆ, ಗುಣಮಟ್ಟ ಸ್ವಲ್ಪ ಕಡಿಮೆ ಆದರೆ ಎಷ್ಟು ಕಡಿತ, ಪೂರ್ತಿ ತಿರಸ್ಕಾರ ಆದರೆ ಸಾಗಣೆ ಯಾರ ತಲೆ ಮೇಲೆ, ದುಡ್ಡು ಎಷ್ಟು ದಿನದಲ್ಲಿ ಖಾತೆಗೆ ಬರುತ್ತೆ. ಬಾಯಿಮಾತು ಬೇಡ.

ಪಾಠ 3: ಕೊಳ್ಳೋರು ಎಷ್ಟು ಜನ ಅಂತ ಎಣಿಸಿ

ಕೊಳ್ಳುವವರು ಕೆಲವರೇ ಇದ್ದಾಗ ಏನಾಗುತ್ತೆ ಅನ್ನೋದಕ್ಕೆ ಬಾರ್ಲಿಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಅದು ನಮ್ಮ ದೇಶದ್ದಲ್ಲ, ಆಸ್ಟ್ರೇಲಿಯಾದ್ದು.

ಆಸ್ಟ್ರೇಲಿಯಾ ಜಗತ್ತಿನ ದೊಡ್ಡ ಬಾರ್ಲಿ ರಫ್ತು ದೇಶಗಳಲ್ಲೊಂದು. ಅವರ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾ ಒಂದೇ ಕೊಳ್ತಿತ್ತು. ಒಳ್ಳೆ ರೇಟು, ದೊಡ್ಡ ಪ್ರಮಾಣ. 2018ರ ನವೆಂಬರ್‌ನಲ್ಲಿ ಚೀನಾ, ಈ ಬಾರ್ಲಿ ತೀರಾ ಅಗ್ಗಕ್ಕೆ ಬರ್ತಿದೆ ಅಂತ ತನಿಖೆ ಶುರು ಮಾಡಿತು. 2020ರ ಮೇ 19ರಿಂದ ಎರಡು ಸುಂಕ ಸೇರಿಸಿ ಒಟ್ಟು 80.5% ಹಾಕಿತು. ಆ ಹೊತ್ತಿಗೆ ಅಲ್ಲಿ ಬಿತ್ತನೆ ನಡೀತಿತ್ತು. ಬೀಜ ಭೂಮಿಗೆ ಬಿದ್ದ ಮೇಲೆ ಮುಖ್ಯ ಗಿರಾಕಿಯ ಬಾಗಿಲು ಮುಚ್ಚಿದಂತಾಯ್ತು.

ಅಲ್ಲಿನವರು ಸೌದಿ ಅರೇಬಿಯಾ, ಥಾಯ್ಲೆಂಡ್, ಮೆಕ್ಸಿಕೋ ಕಡೆ ಮುಖ ಮಾಡಿದರು. ಮಾಲು ಖರ್ಚಾಯ್ತು. ಆದರೆ ಮಾಲ್ಟ್ ಗುಣಮಟ್ಟದ ಕಾಳಿಗೂ ಕೆಲವೊಮ್ಮೆ ಮೇವಿನ ಬೆಲೆಯೇ ಗತಿ ಆಯ್ತು. ಚೀನಾ ಕೆನಡಾ, ಫ್ರಾನ್ಸ್, ಅರ್ಜೆಂಟೀನಾದಂಥ ದೇಶಗಳಿಂದ ತರಿಸಿಕೊಂಡಿತು. 2023ರ ಆಗಸ್ಟ್ 5ಕ್ಕೆ ಸುಂಕ ತೆಗೆದ ಮೇಲೆ ಆಸ್ಟ್ರೇಲಿಯಾದ ಮಾಲು ಮತ್ತೆ ಚೀನಾಕ್ಕೆ ಹೊರಟಿತು. ಮಧ್ಯೆ ಮೂರು ವರ್ಷ ಕಳೆದಿತ್ತು.

ಇನ್ನೊಂದು ದಿಕ್ಕಿನ ಉದಾಹರಣೆ ನಮ್ಮಲ್ಲೇ ಇದೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ಯುದ್ಧ ಶುರು ಮಾಡಿತು. ಎರಡೂ ದೇಶ ಬಾರ್ಲಿ ರಫ್ತಿನಲ್ಲಿ ದೊಡ್ಡವು. ಜಗತ್ತಿನಲ್ಲಿ ಧಾನ್ಯದ ಬೆಲೆ ಜಿಗಿಯಿತು. ಅದೇ ಹೊತ್ತಿಗೆ ರಾಜಸ್ಥಾನದಲ್ಲಿ ಕೊಯ್ಲು. ಬೆಂಬಲ ಬೆಲೆ 1,635 ಇದ್ದ ಆ ವರ್ಷ ಅಲ್ಲಿನ ಮಂಡಿಗಳಲ್ಲಿ ಬಾರ್ಲಿ ಅದಕ್ಕಿಂತ ಬಹಳ ಮೇಲೆ ಮಾರಾಟ ಆಯ್ತು. ಅಲ್ಲಿನ ರೈತ ಹೊಸದೇನೂ ಮಾಡಿರಲಿಲ್ಲ. ಬೆಲೆ ತಂದದ್ದು ದೂರದ ಯುದ್ಧ. ಇಂಥ ವರ್ಷ ನೋಡಿ ಮುಂದಿನ ವರ್ಷವೂ ಹಾಗೇ ಇರುತ್ತೆ ಅಂತ ಬಿತ್ತನೆ ಜಾಸ್ತಿ ಮಾಡೋದು ಅಪಾಯ. ಏರಿದ ಬೆಲೆಗೆ ಕಾರಣ ಏನು, ಆ ಕಾರಣ ಮುಂದಿನ ಸುಗ್ಗಿಗೂ ಉಳಿಯುತ್ತಾ ಅಂತ ಕೇಳಿಕೊಳ್ಳಿ.

ಪಾಠ 4: ಮೊಬೈಲ್‌ನಲ್ಲಿ ರೇಟು ಓದೋದು ಹೇಗೆ?

ಅಗ್‌ಮಾರ್ಕ್‌ನೆಟ್ ಆಗಲಿ, ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿ ಆಗಲಿ, ತೆರೆದರೆ ನಾಲ್ಕು ಅಂಕಿ ಕಾಣ್ತವೆ: ಆವಕ, ಕನಿಷ್ಠ, ಗರಿಷ್ಠ, ಮಾದರಿ ಬೆಲೆ. ವಾಟ್ಸಾಪ್ ಗುಂಪಿನಲ್ಲಿ ಓಡಾಡೋದು ಯಾವಾಗಲೂ ಗರಿಷ್ಠ ಬೆಲೆ. ಅದು ಆ ದಿನ ಒಂದೇ ಒಂದು ಲಾಟಿಗೆ ಸಿಕ್ಕಿರಬಹುದು. ನೀವು ನೋಡಬೇಕಾದ್ದು ಮಾದರಿ ಬೆಲೆ, ಅಂದರೆ ಹೆಚ್ಚಿನ ಮಾಲು ಮಾರಾಟವಾದ ಬೆಲೆ.

ಆಮೇಲೆ ಆವಕ ನೋಡಿ. 15 ಕ್ವಿಂಟಲ್ ಬಂದ ದಿನದ ರೇಟಿಗೂ 5,000 ಕ್ವಿಂಟಲ್ ಬಂದ ದಿನದ ರೇಟಿಗೂ ತೂಕ ಒಂದೇ ಅಲ್ಲ. ಕನಿಷ್ಠ–ಗರಿಷ್ಠದ ನಡುವಿನ ಅಂತರವನ್ನೂ ಗಮನಿಸಿ. ಅಂತರ ದೊಡ್ಡದಿದ್ದರೆ ಮಾರುಕಟ್ಟೆ ಗುಣಮಟ್ಟಕ್ಕೆ ದುಡ್ಡು ಕೊಡ್ತಿದೆ ಅಂತ ಅರ್ಥ. ಆಗ ಒಣಗಿಸಿ, ಸ್ವಚ್ಛ ಮಾಡಿ ಒಯ್ಯೋದು ಲಾಭ. ಅಂತರ ಸಣ್ಣದಿದ್ದರೆ ಜರಡಿಗೆ ಖರ್ಚು ಮಾಡುವ ಮುಂಚೆ ಯೋಚನೆ ಮಾಡಿ.

ಒಂದು ದಿನದ ರೇಟು ನೋಡಿ ಹಿಗ್ಗೋದು, ಕುಗ್ಗೋದು ಬೇಡ. ನಾನು ಯಾವ ಬೆಳೆ ನೋಡಿದರೂ ಕನಿಷ್ಠ ಮೂರು ಮಾರುಕಟ್ಟೆಯ ಹತ್ತು ದಿನದ ಮಾದರಿ ಬೆಲೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ತೇನೆ. ಮೂರೂ ಕಡೆ ಒಂದೇ ದಿಕ್ಕಿಗೆ ಹೋಗ್ತಿದ್ದರೆ ಅದು ಮಾರುಕಟ್ಟೆಯ ನಡಿಗೆ. ಒಂದೇ ಕಡೆ ಏರಿದ್ದರೆ ಅಲ್ಲಿನ ಸ್ಥಳೀಯ ಕಾರಣ.

ಎನ್‌ಸಿಡಿಇಎಕ್ಸ್‌ನಲ್ಲಿ ಕೆಲವು ಬೆಳೆಗಳಿಗೆ ವಾಯಿದಾ ಬೆಲೆಯೂ ಸಿಗುತ್ತೆ. ಬಾರ್ಲಿಗೆ ಅಲ್ಲಿ ಜೈಪುರ ಕೇಂದ್ರವಾಗಿ ಒಪ್ಪಂದ ರೂಪಿಸಿದ್ದರು. ವಾಯಿದಾ ಬೆಲೆ ನೋಡುವಾಗ ಆ ದಿನ ವಹಿವಾಟು ಎಷ್ಟು ನಡೆದಿದೆ ಅಂತ ಮೊದಲು ನೋಡಿ. ವಹಿವಾಟೇ ಇಲ್ಲದ ಬೆಲೆ ದಿಕ್ಕು ತೋರಿಸಲ್ಲ.

ಪಾಠ 5: ಈಗಲೇ ಮಾರೋದಾ, ಇಟ್ಟು ಮಾರೋದಾ?

ಮತ್ತೆ ಅದೇ 40 ಕ್ವಿಂಟಲ್. ಇವತ್ತಿನ ರೇಟು 2,000 ಅಂತ ಹಿಡಿಯೋಣ. ಈಗ ಮಾರಿದರೆ 80,000. ನಾಲ್ಕು ತಿಂಗಳು ಗೋದಾಮಿನಲ್ಲಿ ಇಟ್ಟರೆ ಖರ್ಚು ಹೀಗೆ:

ಬಡ್ಡಿ: ವರ್ಷಕ್ಕೆ 12% ಲೆಕ್ಕದಲ್ಲಿ 3,200 ರೂ.
ಗೋದಾಮು ಬಾಡಿಗೆ: 50 ಕೆ.ಜಿ.ಯ 80 ಚೀಲ, ಚೀಲಕ್ಕೆ ತಿಂಗಳಿಗೆ 8ರ ಹಾಗೆ 2,560 ರೂ.
ಹಮಾಲಿ, ಹೆಚ್ಚುವರಿ ಸಾಗಣೆ: 800 ರೂ.
ಒಣಗಿ, ಹುಳ ಬಿದ್ದು ತೂಕ ಇಳಿಯೋದು: 1.5%, ಅಂದರೆ 60 ಕೆ.ಜಿ.

80,000ಕ್ಕೆ ಖರ್ಚು ಸೇರಿಸಿದರೆ 86,560. ಉಳಿದ ಮಾಲು 39.4 ಕ್ವಿಂಟಲ್. ಭಾಗಿಸಿದರೆ ಸುಮಾರು 2,197. ಅಂದರೆ ನಾಲ್ಕು ತಿಂಗಳ ನಂತರ ರೇಟು 2,200 ಮುಟ್ಟಿದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಮೇಲೆ ಹೋದದ್ದು ಮಾತ್ರ ನಿಮ್ಮ ದುಡ್ಡು.

ಬಡ್ಡಿ ಕೈಸಾಲದ್ದಾಗಿ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಇದ್ದರೆ? ಬಡ್ಡಿ 6,400 ಆಗುತ್ತೆ. ಸಮ ಆಗುವ ರೇಟು ಸುಮಾರು 2,280ಕ್ಕೆ ಏರುತ್ತೆ. ಹಾಗಾಗಿ "ಇಟ್ಟು ಮಾರು" ಅನ್ನುವ ಸಲಹೆ ಎಲ್ಲರಿಗೂ ಒಂದೇ ಅಲ್ಲ. ಪಕ್ಕದ ಹೊಲದವರು ಇಟ್ಟು ಗೆದ್ದರು ಅಂದರೆ ಅವರ ಸಾಲದ ಬಡ್ಡಿ ಬೇರೆ ಇರಬಹುದು.

ಕೈಸಾಲದ ಒತ್ತಡ ಇದ್ದವರಿಗೆ ಮಧ್ಯದ ದಾರಿ ಒಂದಿದೆ. ಡಬ್ಲ್ಯುಡಿಆರ್‌ಎ ನೋಂದಣಿ ಇರುವ ಉಗ್ರಾಣದಲ್ಲಿ ಮಾಲು ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಸಿಗುತ್ತೆ. ಅದನ್ನು ಅಡ ಇಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ, ಅತಿಸಣ್ಣ ರೈತರಿಗೆ ಇಂಥ ಸಾಲದ ಮೇಲೆ ಬಡ್ಡಿ ರಿಯಾಯಿತಿ ಯೋಜನೆಯೂ ಇದೆ. ನಿಮ್ಮ ಬ್ಯಾಂಕಿನಲ್ಲಿ ಕೇಳಿ. ಎಲ್ಲ ಮಾಲನ್ನೂ ಇಡಬೇಕು ಅಂತಿಲ್ಲ. ಸಾಲ ತೀರುವಷ್ಟು ಈಗ ಮಾರಿ, ಉಳಿದದ್ದನ್ನು ಎರಡು ಕಂತಿನಲ್ಲಿ ಮಾರಿದರೆ ನಿದ್ದೆಯೂ ಬರುತ್ತೆ.

ಇದನ್ನು ನಮ್ಮ ಮೆಕ್ಕೆಜೋಳಕ್ಕೆ ಹೊಂದಿಸಿ

2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ 2,400 ರೂಪಾಯಿ. ಆದರೆ 2025ರ ನವೆಂಬರ್‌ನಲ್ಲಿ ಹಾವೇರಿ, ಗದಗ ಕಡೆ ರೈತರು ಖರೀದಿ ಕೇಂದ್ರ ತೆರೆಯಿರಿ ಅಂತ ಬೀದಿಗಿಳಿದದ್ದು ನಿಮಗೆಲ್ಲ ನೆನಪಿದೆ. ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಇತ್ತು. ಇದು ಪಾಠ 1.

ಕೊಳ್ಳೋರು ಯಾರು? ಕೋಳಿ ಆಹಾರದವರು, ಸ್ಟಾರ್ಚ್ ಕಾರ್ಖಾನೆ, ಎಥನಾಲ್ ಘಟಕ. ನಿಮ್ಮ 50 ಕಿ.ಮೀ. ಒಳಗೆ ಇವುಗಳಲ್ಲಿ ಎಷ್ಟಿವೆ ಅಂತ ಎಣಿಸಿ. ಇದು ಪಾಠ 3.

ಇನ್ನು ಗುಣಮಟ್ಟ. ಮೆಕ್ಕೆಜೋಳದಲ್ಲಿ ಅದು ಮುಖ್ಯವಾಗಿ ತೇವಾಂಶ. ಬೆಂಬಲ ಬೆಲೆ ಖರೀದಿಗೆ 14% ಮಿತಿ. 20% ತೇವಾಂಶ ಇರುವ 100 ಕೆ.ಜಿ.ಯನ್ನು 14%ಗೆ ಒಣಗಿಸಿದರೆ 93 ಕೆ.ಜಿ. ಉಳಿಯುತ್ತೆ. ಅಂದರೆ ಹಸಿ ಮಾಲಿಗೆ 2,000 ಕೊಡ್ತೇನೆ ಅಂದರೆ, ಒಣ ಮಾಲಿಗೆ ಕನಿಷ್ಠ 2,150 ಸಿಕ್ಕರೆ ಮಾತ್ರ ತೂಕದ ಲೆಕ್ಕ ಸಮ. ಒಣಗಿಸುವ ಕೂಲಿ ಅದರ ಮೇಲೆ. ಒಣ ಮಾಲಿಗೆ 2,100 ಮಾತ್ರ ಇದ್ದರೆ ಒಣಗಿಸಿ ಕೈ ಸುಟ್ಟುಕೊಳ್ಳಬೇಡಿ. 2,300 ಇದ್ದರೆ ಎರಡು ದಿನ ಬಿಸಿಲಿಗೆ ಹಾಕೋದು ಲಾಭ. ಆದರೆ ಇಟ್ಟು ಮಾರುವ ಯೋಚನೆ ಇದ್ದರೆ ಒಣಗಿಸಲೇಬೇಕು, ಹಸಿ ಮಾಲು ಬೂಸ್ಟು ಹಿಡಿಯುತ್ತೆ.

ಈ ವಾರದ ಕೆಲಸ

1. ನಿಮ್ಮ ಮುಖ್ಯ ಬೆಳೆಗೆ ಮೂರು ಎಪಿಎಂಸಿ ಆರಿಸಿ. ಹತ್ತು ದಿನ ಆವಕ ಮತ್ತು ಮಾದರಿ ಬೆಲೆ ಬರೆದಿಡಿ.

2. ಪ್ರತಿ ಮಾರುಕಟ್ಟೆಗೆ ಸಾಗಣೆ, ಹಮಾಲಿ ಕಳೆದು ಕೈಗೆ ಬರುವ ರೇಟು ಪಕ್ಕದಲ್ಲೇ ಬರೆಯಿರಿ.

3. ಆ ಬೆಳೆ ಕೊಳ್ಳುವ ಕಾರ್ಖಾನೆ, ವ್ಯಾಪಾರಿ, ರೈತ ಉತ್ಪಾದಕ ಕಂಪನಿಗಳ ಪಟ್ಟಿ ಮಾಡಿ. ಎರಡಕ್ಕಿಂತ ಕಡಿಮೆ ಹೆಸರು ಬಂದರೆ ಮುಂದಿನ ಹಂಗಾಮಿಗೆ ಪೂರ್ತಿ ಜಮೀನಿಗೆ ಅದೇ ಬೆಳೆ ಹಾಕಬೇಡಿ.

4. ಮೇಲಿನ ಗೋದಾಮು ಲೆಕ್ಕದಲ್ಲಿ ನಿಮ್ಮ ಬಡ್ಡಿ, ನಿಮ್ಮ ಬಾಡಿಗೆ ಹಾಕಿ. ಬಂದ ಸಮ ರೇಟನ್ನು ಗೋಡೆ ಮೇಲೆ ಬರೆದಿಡಿ. ಯಾರಾದರೂ "ಇನ್ನೂ ಏರುತ್ತೆ, ಇಡು" ಅಂದಾಗ ಅದನ್ನು ನೋಡಿ.

ನಾಳೆ ಬೆಲೆ ಎಷ್ಟಾಗುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಆದರೆ ಎಷ್ಟು ಬಂದರೆ ನನಗೆ ಸಮ, ಎಷ್ಟಕ್ಕೆ ಇಳಿದರೆ ನಷ್ಟ ಅನ್ನೋದು ನಿಮಗೆ ಮೊದಲೇ ಗೊತ್ತಿದ್ದರೆ, ಯಾರ್ಡಿನಲ್ಲಿ ಮಾತಾಡುವಾಗ ನಿಮ್ಮ ಧ್ವನಿಯೇ ಬೇರೆ ಇರುತ್ತೆ. ಲೆಕ್ಕ ಹಾಕಿ ನೋಡಿ, ಎಲ್ಲಿ ಸಿಕ್ಕಿಕೊಂಡರೂ ಅಂಕಿ ಸಮೇತ ಬರೆದು ಕಳಿಸಿ. ಮುಂದಿನ ಪಾಠದಲ್ಲಿ ಉಗ್ರಾಣ ರಸೀದಿ ಮೇಲೆ ಸಾಲ ಪಡೆಯುವ ಕ್ರಮವನ್ನು ಹಂತ ಹಂತವಾಗಿ ನೋಡೋಣ.